ಮೊದಲು ದರ ಬರೆಯಿರಿ, ಆಮೇಲೆ ತಲೆ ಮುಟ್ಟಿ

ಕೂದಲು ಕಸಿ ಮಾಡಿಸಿಕೊಂಡವರಿಗೆ ಸಿಗುವ ಅಧಿಕೃತ ಬಿಲ್ಲಿನ ಕೊನೆಯಲ್ಲಿ ಶೇ 18ರಷ್ಟು ಜಿಎಸ್‌ಟಿ ಕುಳಿತಿರುತ್ತದೆ. ಜ್ವರಕ್ಕೆ, ಹೆರಿಗೆಗೆ, ಅಪೆಂಡಿಕ್ಸ್ ಆಪರೇಷನ್ನಿಗೆ ವೈದ್ಯರು ಪಡೆಯುವ ಶುಲ್ಕಕ್ಕೆ ಈ ತೆರಿಗೆ ಇಲ್ಲ. 2017ರಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗ ಆರೋಗ್ಯ ಸೇವೆಗೆ ವಿನಾಯಿತಿ ಕೊಟ್ಟರು, ಆದರೆ ಕೂದಲು ಕಸಿಯನ್ನೂ ಸೌಂದರ್ಯ ಶಸ್ತ್ರಚಿಕಿತ್ಸೆಯನ್ನೂ ಅದರಿಂದ ಹೊರಗಿಟ್ಟರು. ಹುಟ್ಟಿನಿಂದ ಬಂದ ಊನವನ್ನೋ ಗಾಯದಿಂದಾದ ಹಾನಿಯನ್ನೋ ಸರಿಪಡಿಸಲು ಮಾಡಿದರೆ ಮಾತ್ರ ವಿನಾಯಿತಿ. ಸರ್ಕಾರದ ಲೆಕ್ಕದಲ್ಲಿ ಉಳಿದದ್ದೆಲ್ಲ ಶೋಕಿ. ತೆರಿಗೆ ಎತ್ತುವಾಗ ಇಷ್ಟು ಖಚಿತವಾಗಿರುವ ಆಡಳಿತ, ಆ ಕ್ಲಿನಿಕ್ಕುಗಳು ಜನರಿಂದ ಎಷ್ಟು ಕೀಳುತ್ತಿವೆ, ಯಾವ ಆಧಾರದ ಮೇಲೆ ಕೀಳುತ್ತಿವೆ ಎಂದು ಕೇಳುವ ಹೊತ್ತಿಗೆ ಮೌನವಾಗಿಬಿಡುತ್ತದೆ. ತಕರಾರು ಇರುವುದು ಈ ಮೌನದ ಬಗ್ಗೆ.

ಇದು ಬೆಂಗಳೂರಿನ ಶ್ರೀಮಂತರ ಚಿಂತೆ ಎಂದುಕೊಂಡವರು ಒಮ್ಮೆ ಹೊಸಪೇಟೆಯಿಂದ ಬಳ್ಳಾರಿ ಕಡೆಗೆ ಹೊರಡಬೇಕು. ಕಾರಿಗನೂರು ದಾಟಿದರೆ ಪಾಪಿನಾಯಕನಹಳ್ಳಿ. ಅದಿರು ಲಾರಿಗಳ ರಸ್ತೆ, ಸ್ಪಂಜ್ ಐರನ್ ಕಾರ್ಖಾನೆಗಳ ಹೊಗೆ, ಎಲೆಯ ಮೇಲೂ ಮಾಳಿಗೆಯ ಮೇಲೂ ಕೂರುವ ಕೆಂಪು ದೂಳು. ಪಾಳಿ ಮುಗಿಸಿ ಹೆಲ್ಮೆಟ್ ತೆಗೆದ ಹುಡುಗರು ಹಣೆಯ ಮೇಲಿನ ಕೂದಲನ್ನು ಮುಂದಕ್ಕೆ ಎಳೆದುಕೊಳ್ಳುವುದನ್ನು ಇಲ್ಲಿ ಯಾರು ಬೇಕಾದರೂ ನೋಡಬಹುದು. "ಈ ಬೋರಿನ ನೀರಿಗೆ ಕೂದ್ಲೆಲ್ಲ ಉದುರ್ತಾವ್ರೀ" ಎನ್ನುವುದು ಈ ಸೀಮೆಯ ಸಾಮಾನ್ಯ ಮಾತು. ಕೆಲವರ ಬಾಯಲ್ಲಿ ನೀರಿನ ಜಾಗಕ್ಕೆ ದೂಳು ಬರುತ್ತದೆ, ಇನ್ನು ಕೆಲವರಲ್ಲಿ ಹೆಲ್ಮೆಟ್ಟು. ಕನ್ಯೆ ನೋಡಲು ಹೊರಡುವ ವಯಸ್ಸಿಗೆ ಈ ದೂರು ಭಯವಾಗುತ್ತದೆ. ಭಯ ಮೊಬೈಲಿನಲ್ಲಿ ಜಾಹೀರಾತು ಹುಡುಕುತ್ತದೆ. ಜಾಹೀರಾತು ನೋಡಿದವನು ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುತ್ತಾನೆ.

ಅಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ತಂಪು ಕೋಣೆ, ಬಿಳಿ ಕೋಟು ತೊಟ್ಟ ಸಲಹೆಗಾರ. ಅನೇಕ ಕಡೆ ಮೊದಲು ಮಾತಿಗೆ ಸಿಗುವ ಈ ವ್ಯಕ್ತಿ ವೈದ್ಯನಲ್ಲ, ಮಾರಾಟ ವಿಭಾಗದವನು. ಪೆನ್ನಿನಂಥ ಕ್ಯಾಮೆರಾವನ್ನು ನೆತ್ತಿಗೆ ಇಡುತ್ತಾನೆ. ಗೋಡೆಯ ಪರದೆಯ ಮೇಲೆ ತಲೆಯ ಚರ್ಮ ಬರಗಾಲದ ಹೊಲದಂತೆ ಹಿಗ್ಗಿ ಕಾಣುತ್ತದೆ. ಅಷ್ಟು ದೊಡ್ಡದು ಮಾಡಿದರೆ ದಟ್ಟ ಕೂದಲಿನ ತಲೆಯಲ್ಲೂ ಖಾಲಿ ಜಾಗ ಕಾಣುತ್ತದೆ ಎಂದು ಅವನು ಹೇಳುವುದಿಲ್ಲ. "ಈಗಲೇ ಶುರು ಮಾಡದಿದ್ದರೆ ಎರಡು ವರ್ಷದಲ್ಲಿ ಪೂರ್ತಿ ಹೋಗುತ್ತೆ ಸರ್" ಎನ್ನುತ್ತಾನೆ. ಆಮೇಲೆ ಪ್ಯಾಕೇಜು: ಗಿರಾಕಿಯ ರಕ್ತದಿಂದಲೇ ತಯಾರಿಸಿ ನೆತ್ತಿಗೆ ಚುಚ್ಚುವ ಪಿಆರ್‌ಪಿ ಇಷ್ಟು ಸಲ, ಜಿಎಫ್‌ಸಿ ಇಷ್ಟು ಸಲ, ಲೇಸರ್, ವಿಟಮಿನ್ ಡಬ್ಬಿ, ಶಾಂಪೂ. ದರ ಮೊದಲು ಬಾಯಲ್ಲಿ ದೊಡ್ಡದಾಗಿ ಬರುತ್ತದೆ, ಗಿರಾಕಿಯ ಮುಖ ನೋಡಿ ಇಳಿಯುತ್ತದೆ, ಇವತ್ತೇ ಬುಕ್ ಮಾಡಿದರೆ ಇನ್ನಷ್ಟು ಇಳಿಯುತ್ತದೆ. ಕೈಯಲ್ಲಿ ದುಡ್ಡಿಲ್ಲವೆಂದರೆ ಇಎಂಐ ಫಾರಂ ಸಿದ್ಧ. ಕಾಯಿಲೆ ಯಾವುದೆಂದು ತಿಳಿಯುವ ಮೊದಲೇ ಸಾಲ ಮಂಜೂರಾಗುತ್ತದೆ.

ಚಿಕಿತ್ಸೆಯ ಬೆಲೆ ಗಿರಾಕಿಯ ಅಂಜಿಕೆ ನೋಡಿ ಏರಿಳಿಯುವುದನ್ನು ವೈದ್ಯಕೀಯ ಎನ್ನಲಾಗದು.

ಕೂದಲು ಉದುರುವುದು ಒಂದೇ ಕಾಯಿಲೆಯಲ್ಲ. ಆರೋಗ್ಯವಂತ ತಲೆಯಿಂದಲೇ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ಟೈಫಾಯ್ಡ್, ಡೆಂಗಿ, ಹೆರಿಗೆ, ದೊಡ್ಡ ಆಪರೇಷನ್, ವಿಪರೀತ ಉಪವಾಸ ಆದ ಎರಡು ಮೂರು ತಿಂಗಳಿಗೆ ಕೂದಲು ಕೈತುಂಬ ಬರುವುದುಂಟು. ಇಂಥ ಉದುರುವಿಕೆ ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ, ಕೂದಲು ಮರಳುತ್ತದೆ. ರಕ್ತಹೀನತೆ, ಥೈರಾಯ್ಡ್ ತೊಂದರೆ ಇದ್ದರೆ ಮೊದಲು ಅವಕ್ಕೆ ಮದ್ದು ಬೇಕು. ಮಕ್ಕಳ ತಲೆಯಲ್ಲಿ ವೃತ್ತಾಕಾರವಾಗಿ ಕೂದಲು ಹೋದರೆ ಅದು ಶಿಲೀಂಧ್ರದ ಸೋಂಕಿರಬಹುದು. ಗಂಡಸರ ಹಣೆಯ ಎರಡು ಬದಿ, ನೆತ್ತಿ ಖಾಲಿಯಾಗುತ್ತ ಬರುವುದು ಬೇರೆ ಕಥೆ: ಅದು ವಂಶವಾಹಿ ಮತ್ತು ಡಿಎಚ್‌ಟಿ ಎಂಬ ಹಾರ್ಮೋನಿನ ಕೆಲಸ. ಗಡಸು ನೀರು ಕೂದಲನ್ನು ಒರಟು ಮಾಡೀತು, ತುಂಡರಿಸೀತು, ಈ ಬಗೆಯ ಬೋಳನ್ನು ತರುವುದಿಲ್ಲ. ಹೆಲ್ಮೆಟ್ಟೂ ತರುವುದಿಲ್ಲ.

ಕಾರಣ ಹುಡುಕುವುದು ಏಕೆ ಮುಖ್ಯ ಎಂಬುದಕ್ಕೆ ನೆರೆಯ ಮಹಾರಾಷ್ಟ್ರ ಸಾಕ್ಷಿ. 2025ರ ಜನವರಿಯಲ್ಲಿ ಬುಲ್ಢಾಣಾ ಜಿಲ್ಲೆಯ ಶೇಗಾಂವ್ ಸುತ್ತಿನ ಹಳ್ಳಿಗಳಲ್ಲಿ ಹೆಂಗಸರು, ಮಕ್ಕಳು ಎನ್ನದೆ ಜನರಿಗೆ ಕೆಲವೇ ದಿನಗಳಲ್ಲಿ ತಲೆ ಬೋಳಾಗತೊಡಗಿತು. ಮೊದಲ ಅನುಮಾನ ಬಿದ್ದದ್ದು ಅಲ್ಲಿಯೂ ನೀರಿನ ಮೇಲೆಯೇ. ಐಸಿಎಂಆರ್ ತಂಡಗಳು ಬಂದವು. ವೈದ್ಯ ಹಿಮ್ಮತರಾವ್ ಬಾವಸ್ಕರ್ ಮಾದರಿಗಳನ್ನು ಪರೀಕ್ಷೆಗೆ ಕಳಿಸಿ, ಪಡಿತರ ಗೋಧಿಯಲ್ಲಿ ಸೆಲೆನಿಯಂ ಮಿತಿಮೀರಿದ್ದನ್ನು ಬೊಟ್ಟುಮಾಡಿ ತೋರಿಸಿದರು. ಆ ಹಳ್ಳಿಗರನ್ನು ಒಬ್ಬೊಬ್ಬರಾಗಿ ತಂಪು ಕೋಣೆಯಲ್ಲಿ ಕೂರಿಸಿದ್ದರೆ ಅವರ ಕೈಗೆ ಸಿಗುತ್ತಿದ್ದುದು ಪ್ಯಾಕೇಜು, ಗೋಧಿಯ ಸುದ್ದಿಯಲ್ಲ.

ಇನ್ನು ಲೆಕ್ಕ. ವಂಶವಾಹಿ ಬೋಳಿಗೆ ಗಟ್ಟಿ ಆಧಾರವಿರುವ ಮುಖ್ಯ ಔಷಧಿಗಳು ಎರಡು. ರಕ್ತದೊತ್ತಡದ ಮಾತ್ರೆಯಾಗಿ ಹುಟ್ಟಿದ ಮಿನಾಕ್ಸಿಡಿಲ್, ತಲೆಗೆ ಹಚ್ಚುವ ದ್ರಾವಣವಾಗಿ ಅಮೆರಿಕದಲ್ಲಿ 1988ರಲ್ಲಿ ಮಾನ್ಯತೆ ಪಡೆಯಿತು. ಗಂಡಸರಿಗೆ ಕೊಡುವ ಫಿನಾಸ್ಟರೈಡ್ ಮಾತ್ರೆ 1997ರಲ್ಲಿ. ಎರಡೂ ಪೇಟೆಂಟ್ ಕಳೆದ ಹಳೆಯ ಮದ್ದುಗಳು, ಎರಡೂ ಸೇರಿದರೂ ತಿಂಗಳಿಗೆ ಕೆಲವು ನೂರು ರೂಪಾಯಿಯ ಖರ್ಚು. ನಿಲ್ಲಿಸಿದರೆ ಲಾಭವೂ ನಿಲ್ಲುತ್ತದೆ. ಫಿನಾಸ್ಟರೈಡ್‌ನಿಂದ ಕೆಲವರಿಗೆ ಲೈಂಗಿಕ ತೊಂದರೆ, ಖಿನ್ನತೆ ಕಾಣಬಹುದು. 2025ರಲ್ಲಿ ಯುರೋಪಿನ ಔಷಧಿ ನಿಯಂತ್ರಣ ಸಂಸ್ಥೆ ಆತ್ಮಹತ್ಯೆಯ ಯೋಚನೆಯನ್ನೂ ಇದರ ಅಡ್ಡ ಪರಿಣಾಮವೆಂದು ದೃಢಪಡಿಸಿತು. ಗರ್ಭಿಣಿಯರಿಗೆ ಇದು ಕೂಡದು. ಇಷ್ಟನ್ನು ಕೂರಿಸಿಕೊಂಡು ಹೇಳಲು ಒಬ್ಬ ಚರ್ಮರೋಗ ತಜ್ಞರಿಗೆ ಕಾಲು ಗಂಟೆ ಸಾಕು. ಆ ಕಾಲು ಗಂಟೆಯಲ್ಲಿ ದೊಡ್ಡ ಲಾಭವಿಲ್ಲ, ಲಾಭವಿರುವುದು ಕಸಿಯಲ್ಲಿ.

ಕಸಿಯಲ್ಲಿ ತಲೆಯ ಹಿಂಭಾಗದಿಂದ ಬೇರುಸಮೇತ ಕಿತ್ತು ಮುಂದೆ ನೆಡುವ ಒಂದು ಗುಚ್ಛಕ್ಕೆ ಗ್ರಾಫ್ಟ್ ಎನ್ನುತ್ತಾರೆ. ಅದರಲ್ಲಿ ಒಂದರಿಂದ ನಾಲ್ಕು ಕೂದಲಿರುತ್ತವೆ. ಗ್ರಾಫ್ಟಿಗೆ 40 ರೂಪಾಯಿ ಎಂಬ ಸಾಧಾರಣ ದರವನ್ನೇ ಹಿಡಿಯೋಣ. 3,000 ಗ್ರಾಫ್ಟಿಗೆ 1,20,000 ರೂಪಾಯಿ, ತೆರಿಗೆ 21,600, ಒಟ್ಟು 1,41,600. ತಿಂಗಳಿಗೆ 15 ಸಾವಿರ ಎಣಿಸುವ ಗುತ್ತಿಗೆ ಕಾರ್ಮಿಕನಿಗೆ ಇದು ಒಂಬತ್ತು ತಿಂಗಳಿಗೂ ಮೀರಿದ ದುಡಿಮೆ. ಇದಕ್ಕೆ ಪಿಆರ್‌ಪಿ, ಓಡಾಟ, ಕೆಲಸ ತಪ್ಪಿದ ದಿನಗಳನ್ನು ಬೇರೆ ಸೇರಿಸಿಕೊಳ್ಳಬೇಕು. ನೆಟ್ಟ ಕೂದಲು ಮೊದಲ ತಿಂಗಳಲ್ಲಿ ಬಹುತೇಕ ಉದುರಿ, ಮೂರು ನಾಲ್ಕು ತಿಂಗಳ ಮೇಲೆ ಮತ್ತೆ ಚಿಗುರುತ್ತದೆ. ಪೂರ್ಣ ಫಲ ಕಾಣಲು ಹೆಚ್ಚುಕಡಿಮೆ ವರ್ಷ ಬೇಕು. ನೆಡದೆ ಉಳಿದ ಹಳೆಯ ಕೂದಲನ್ನು ಕಾಪಾಡಲು ಔಷಧಿ ಮುಂದುವರಿಸಬೇಕು. ಇಪ್ಪತ್ತೆರಡರ ಹುಡುಗನಿಗೆ ಅವಸರದಲ್ಲಿ ಕಸಿ ಮಾಡಿದರೆ ಬೋಳು ಹಿಂದಕ್ಕೆ ಸರಿಯುತ್ತ ಹೋಗಿ, ನೆಟ್ಟ ಸಾಲು ಮಾತ್ರ ಮುಂದೆ ಉಳಿಯುವ ಅಪಾಯವಿದೆ. ಹಿಂದಲೆಯ ದಾಸ್ತಾನು ಒಮ್ಮೆ ಖಾಲಿಯಾದರೆ ಮತ್ತೆ ತುಂಬುವುದಿಲ್ಲ.

ಹಣ ಹೋದರೆ ದುಡಿದುಕೊಳ್ಳಬಹುದು ಎನ್ನುವವರಿಗೆ ಎರಡು ನೆನಪು. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಕ್ಲಿನಿಕ್ಕಿನಲ್ಲಿ ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. 2025ರಲ್ಲಿ ಉತ್ತರ ಪ್ರದೇಶದ ಕಾನ್ಪುರದಲ್ಲಿ ಕೂದಲು ಕಸಿಯ ನಂತರ ಇಬ್ಬರು ಎಂಜಿನಿಯರುಗಳು ಸತ್ತ ಪ್ರಕರಣ ಪೊಲೀಸ್ ಠಾಣೆಯ ಮೆಟ್ಟಿಲೇರಿತು. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರಿನಲ್ಲೇ ಮಾರ್ಗಸೂಚಿ ಹೊರಡಿಸಿ, ತರಬೇತಿ ಪಡೆದ ವೈದ್ಯರೇ ಕೂದಲು ಕಸಿ ಮಾಡಬೇಕು, ಯೂಟ್ಯೂಬ್ ಅಥವಾ ಕಾರ್ಯಾಗಾರ ನೋಡಿ ಕಲಿತದ್ದು ತರಬೇತಿಯಲ್ಲ ಎಂದಿತ್ತು. ದೇಶದ ಅತ್ಯುನ್ನತ ವೈದ್ಯಕೀಯ ಸಂಸ್ಥೆ ಇಂಥ ಮಾತನ್ನು ಬರೆದು ಹೇಳಬೇಕಾಯಿತೆಂದರೆ ಒಳಗಿನ ಸ್ಥಿತಿ ಊಹಿಸಬಹುದು.

ಕ್ಲಿನಿಕ್ಕಿನವರ ವಾದವೂ ಇದೆ: ಬಲವಂತ ಮಾಡಿದವರು ಯಾರು, ಬೇಕಾದವರು ಬರುತ್ತಾರೆ, ಬಾಡಿಗೆ, ಯಂತ್ರ, ಸಿಬ್ಬಂದಿಗೆ ಖರ್ಚಿದೆ. ಖರ್ಚಿರುವುದು ನಿಜ. ಏಳೆಂಟು ಗಂಟೆ ಬಗ್ಗಿ ಒಂದೊಂದೇ ಬೇರು ನೆಡುವ ಕೆಲಸಕ್ಕೆ ಕೂಲಿ ಸಲ್ಲಬೇಕು, ಪ್ರಾಮಾಣಿಕ ತಜ್ಞರು ಈ ರಾಜ್ಯದಲ್ಲಿ ಬೇಕಾದಷ್ಟಿದ್ದಾರೆ. ಆದರೆ ಬೇಕಾದವರು ಬರುತ್ತಾರೆ ಎಂಬ ಮಾತು ಒಪ್ಪುವಂಥದ್ದಲ್ಲ. ಹೆದರಿಸಿ ಕರೆತಂದ ಮೇಲೆ ಅದು ಸ್ವಂತ ಆಯ್ಕೆ ಆಗುವುದು ಹೇಗೆ? ಔಷಧಿ ನಿಯಮಗಳ ಜೆ ಅನುಸೂಚಿಯಲ್ಲಿ, ಮದ್ದಿನಿಂದ ವಾಸಿಮಾಡುತ್ತೇವೆಂದು ಹೇಳಿಕೊಳ್ಳಬಾರದ ಕಾಯಿಲೆಗಳ ಪಟ್ಟಿ ಇದೆ. ಕುರುಡು, ಕ್ಯಾನ್ಸರುಗಳ ಜೊತೆ ಬೋಳುತಲೆಯೂ ಹೊಸ ಕೂದಲು ಬೆಳೆಸುವುದೂ ಅದರಲ್ಲಿವೆ. ಆದರೂ ಮೊಬೈಲು ತೆರೆದರೆ ನೂರಕ್ಕೆ ನೂರು ಗ್ಯಾರಂಟಿ.

ಇನ್ನೊಂದು ಬದಿಯವರು, ಬೋಳಾದರೆ ಏನಾಯಿತು, ಒಪ್ಪಿಕೊಂಡು ಬಾಳಿ ಎನ್ನುತ್ತಾರೆ. ರಾಜ್ ಬಿ. ಶೆಟ್ಟಿ 2017ರಲ್ಲಿ 'ಒಂದು ಮೊಟ್ಟೆಯ ಕಥೆ' ತೆಗೆದಾಗ ಹೆಣ್ಣು ಹುಡುಕುವ ಬೋಳುತಲೆಯ ಮೇಷ್ಟ್ರನ್ನು ಕಂಡು ಊರೂರಲ್ಲಿ ಜನ ನಕ್ಕರು, ನಕ್ಕು ಮರುಗಿದರು. ಸಿನಿಮಾ ಮುಗಿದ ಮೇಲೆ ಹುಡುಗನ ಮನೆಗೆ ಬಂದ ಬೀಗರು ಮೊದಲು ನೋಡುವುದು ಮಾತ್ರ ತಲೆಯನ್ನೇ. ಮಗಳಿಗೆ ಹೆರಿಗೆಯ ಮೇಲೆ ಕೂದಲು ತೆಳುವಾದರೆ ಓಣಿಯೆಲ್ಲ ಕೇಳುತ್ತದೆ. ಕೇಳುವವರ ಬಾಯಿ ಮುಚ್ಚಿಸಲಾಗದ ಸಮಾಜಕ್ಕೆ, ನೊಂದವನಿಗೆ ಒಪ್ಪಿಕೋ ಎಂದು ಹೇಳುವ ಹಕ್ಕಿಲ್ಲ. ಚಿಕಿತ್ಸೆ ಬೇಕೆನ್ನುವುದು ತಪ್ಪಲ್ಲ. ಅವನಿಗೆ ಸಲ್ಲಬೇಕಾದದ್ದು ಸರಿಯಾದ ರೋಗನಿರ್ಣಯ, ಮುಂಚೆಯೇ ಗೊತ್ತಿರುವ ದರ.

ಅದಕ್ಕೆ ಹೊಸ ಕಾಯ್ದೆಯೂ ಬೇಕಿಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಜನರ ಬಾಯಲ್ಲಿ ಕೆಪಿಎಂಇ, ಪ್ರತಿ ಕ್ಲಿನಿಕ್ಕೂ ನೋಂದಣಿ ಮಾಡಿಸಿಕೊಂಡು ದರಪಟ್ಟಿಯನ್ನು ಎದ್ದು ಕಾಣುವಂತೆ ಹಾಕಬೇಕೆನ್ನುತ್ತದೆ. ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ 2017ರಲ್ಲಿ ಅದನ್ನು ಬಿಗಿ ಮಾಡಲು ಹೊರಟಾಗ ಖಾಸಗಿ ವೈದ್ಯರು ರಾಜ್ಯವ್ಯಾಪಿ ಮುಷ್ಕರ ಹೂಡಿದರು, ಮಸೂದೆ ಸಡಿಲಾಯಿತು. ಸಡಿಲಾದ ಮೇಲೂ ದರಪಟ್ಟಿಯ ನಿಯಮ ಉಳಿದಿದೆ. ನೋಂದಣಿ ಸಂಖ್ಯೆಯನ್ನು ಹೊರಗೆ ಬರೆಯಬೇಕು, ಅಲೋಪತಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಬೋರ್ಡ್ ಇರಬೇಕು ಎಂಬ ಸೂಚನೆಯೂ 2024ರಲ್ಲಿ ಬಂದಿದೆ. ಜಿಲ್ಲಾ ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ವಿಜಯನಗರ ಜಿಲ್ಲೆ 2021ರಲ್ಲಿ ಹುಟ್ಟಿದ ಮೇಲೆ ಆ ಕುರ್ಚಿಗಾಗಿ ಬಳ್ಳಾರಿಗೆ ಹೋಗಬೇಕಾಗಿಲ್ಲ, ಅದು ಹೊಸಪೇಟೆಯಲ್ಲೇ ಇದೆ. ಕೂದಲು, ಚರ್ಮ, ಸೌಂದರ್ಯ ಎಂದು ಬೋರ್ಡ್ ಹಾಕಿದ ಪ್ರತಿಯೊಂದು ಬಾಗಿಲಿಗೂ ಆರೋಗ್ಯಾಧಿಕಾರಿ ಹೋಗಬೇಕು. ನೋಂದಣಿ ಯಾರ ಹೆಸರಿನಲ್ಲಿದೆ, ಕಸಿ ಮಾಡುವವರ ಪದವಿ ಏನು, ಗ್ರಾಫ್ಟಿನ ದರ ಗೋಡೆಯ ಮೇಲಿದೆಯೇ ಎಂದು ನೋಡಿ ಬರೆದುಕೊಂಡು, ಆ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಕಂಪ್ಲಿ, ಸಂಡೂರಿನ ಬಾಗಿಲುಗಳಿಗೆ ಇದೇ ಕೆಲಸವನ್ನು ಬಳ್ಳಾರಿ ಜಿಲ್ಲಾಡಳಿತ ಮಾಡಬೇಕು.

ಮೋಸಹೋದವರಿಗೂ ದಾರಿಯಿದೆ. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ಒಳಗೇ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದೆ. 2019ರ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕ್ಲಿನಿಕ್ ಬೆಂಗಳೂರಿನಲ್ಲಿದ್ದರೂ ಸರಿ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿನ ಶುಲ್ಕವೇ ಇಲ್ಲ. ಸಹಾಯವಾಣಿ 1915. ಇದಕ್ಕೆಲ್ಲ ಬೇಕಾದದ್ದು ರಸೀದಿ. ಬಿಲ್ ಬೇಡವೆಂದರೆ ಜಿಎಸ್‌ಟಿ ಉಳಿಯುತ್ತದೆ ಎಂದು ಕೌಂಟರಿನಲ್ಲಿ ಹೇಳಿದರೆ ಪಾಪಿನಾಯಕನಹಳ್ಳಿಯ ಹುಡುಗ ಅಲ್ಲಿಂದ ಎದ್ದು ಬರಬೇಕು. ಹೊಸಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ, ಥೈರಾಯ್ಡ್ ಪರೀಕ್ಷೆಯ ಬಗ್ಗೆ ಮೊದಲು ಕೇಳಬೇಕು, ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗದಲ್ಲಿ ಚೀಟಿ ಮಾಡಿಸಿ ತಲೆ ತೋರಿಸಬೇಕು. ಕಸಿ ಬೇಕೋ ಬೇಡವೋ ಎಂಬ ಮಾತು ಅದಾದ ಮೇಲೆ.