ಯಂತ್ರಬುದ್ಧಿ ಮತ್ತು ಆರೋಗ್ಯಸೇವೆ

ಮಾನವನು ತನ್ನ ಇಂದ್ರಿಯಗಳ ಮಿತಿಯನ್ನು ಮೀರುವುದಕ್ಕಾಗಿ ಉಪಕರಣಗಳನ್ನು ನಿರ್ಮಿಸಿಕೊಳ್ಳುತ್ತ ಬಂದಿದ್ದಾನೆ. ಎದೆಯೊಳಗಿನ ಸದ್ದನ್ನು ಸ್ಟೆತಾಸ್ಕೋಪು ಕೇಳಿಸಿತು. ಕಣ್ಣಿಗೆ ಕಾಣದ ರೋಗಾಣುವನ್ನು ಸೂಕ್ಷ್ಮದರ್ಶಕ ತೋರಿಸಿತು. ದೇಹದೊಳಗಿನ ಮೂಳೆಯನ್ನು ಕ್ಷ-ಕಿರಣ ಬಯಲಿಗೆ ತಂದಿತು. ಇವೆಲ್ಲವೂ ವೈದ್ಯನ ಕಣ್ಣು ಕಿವಿಗಳಿಗೆ ನೆರವಾದವು. ಇಂದು ಬಂದಿರುವ ಕೃತಕ ಬುದ್ಧಿಮತ್ತೆಯಾದರೋ ಅವನ ತೀರ್ಮಾನಶಕ್ತಿಗೇ ನೆರವಾಗಲು ಹೊರಟಿದೆ. ಆದುದರಿಂದಲೇ ಇದನ್ನು ಕುರಿತು ಕೆಲವರಲ್ಲಿ ಅತಿಯಾದ ಆಸೆಯೂ ಇನ್ನು ಕೆಲವರಲ್ಲಿ ಅತಿಯಾದ ಭಯವೂ ಹುಟ್ಟಿವೆ. ಎರಡನ್ನೂ ಬದಿಗಿರಿಸಿ, ಇದು ನಮ್ಮ ನಾಡಿನ ರೋಗಿಗೆ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ವಿಚಾರಿಸುವುದು ಲೇಸು.

ಕರ್ನಾಟಕದ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2021ರಲ್ಲಿ ಜನಪ್ರಿಯ ನಟ ಪುನೀತ್ ರಾಜ್‌ಕುಮಾರ್ ಅವರು ತಮ್ಮ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರವು 2023ರಲ್ಲಿ 'ಹೃದಯ ಜ್ಯೋತಿ' ಯೋಜನೆಯನ್ನು ಆರಂಭಿಸಿತು. ಹೃದಯಕ್ಕೆ ರಕ್ತವನ್ನೊಯ್ಯುವ ನಾಳದಲ್ಲಿ ರಕ್ತವು ಹೆಪ್ಪುಗಟ್ಟಿದರೆ, ಹೃದಯದ ಸ್ನಾಯು ಕ್ಷಣಕ್ಷಣಕ್ಕೂ ಸಾಯತೊಡಗುತ್ತದೆ. ಹೃದಯದ ವಿದ್ಯುತ್ ಚಲನೆಯನ್ನು ಗೆರೆಗಳಾಗಿ ಬರೆಯುವ ಇ.ಸಿ.ಜಿ. ಉಪಕರಣದಿಂದ ಇದನ್ನು ತಿಳಿಯಬಹುದು. ಆದರೆ ಆ ಗೆರೆಗಳನ್ನು ನಿಸ್ಸಂದೇಹವಾಗಿ ಓದಬಲ್ಲ ಹೃದ್ರೋಗತಜ್ಞರು ತಾಲ್ಲೂಕು ಆಸ್ಪತ್ರೆಗಳಲ್ಲಿ ವಿರಳ. ಈ ಕೊರತೆಯನ್ನು ತುಂಬಲು ಯೋಜನೆಯಲ್ಲಿ ಕೃತಕ ಬುದ್ಧಿಮತ್ತೆಯನ್ನು ಬಳಸಲಾಗಿದೆ. ತಜ್ಞರು ಓದಿ ಅಭಿಪ್ರಾಯ ನೀಡಿದ ಅಸಂಖ್ಯ ಹಳೆಯ ಗೆರೆಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿದರೆ, ಅವುಗಳಲ್ಲಿನ ಸಾಮ್ಯವನ್ನು ಅದು ಗುರುತಿಸಲು ಕಲಿಯುತ್ತದೆ. ಹೊಸ ರೋಗಿಯ ಗೆರೆ ಬಂದಾಗ ಕೆಲವೇ ನಿಮಿಷಗಳಲ್ಲಿ ಅಪಾಯವನ್ನು ಸೂಚಿಸುತ್ತದೆ. ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ಸಲಹೆ ನೀಡುತ್ತಾರೆ. ಬಳಿಕ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕಿನಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ. ಯಂತ್ರವು ಇಲ್ಲಿ ಉಳಿಸಿಕೊಡುವುದು ಕಾಲವನ್ನು. ಹೃದ್ರೋಗಿಗೆ ಕಾಲವೇ ಪ್ರಾಣ.

ಇಷ್ಟಾದರೆ ಸಾಕೆ? ಬೆಳಗಾವಿ ನಗರವನ್ನೂ ಅದರ ನೆರೆಯ ಖಾನಾಪುರ ತಾಲ್ಲೂಕನ್ನೂ ನೋಡಿದರೆ ಉತ್ತರ ಹೊಳೆಯುತ್ತದೆ. ಬೆಳಗಾವಿಯಲ್ಲಿ 1963ರಲ್ಲಿ ಸ್ಥಾಪನೆಗೊಂಡ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿದೆ, ಸರ್ಕಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ, ದೊಡ್ಡ ಆಸ್ಪತ್ರೆಗಳಿವೆ. ಅಲ್ಲಿಂದ ಖಾನಾಪುರ ಪಟ್ಟಣವು ಸುಮಾರು 25 ಕಿಲೋಮೀಟರ್ ಮಾತ್ರ. ಆದರೆ ಪಟ್ಟಣದಿಂದ ಪಶ್ಚಿಮಕ್ಕೆ ಹೋದಂತೆ ದಟ್ಟವಾದ ಕಾಡು ಆರಂಭವಾಗುತ್ತದೆ. ಮಲಪ್ರಭೆಯು ಹುಟ್ಟುವ ಕಣಕುಂಬಿಯೂ ಭೀಮಗಡ ವನ್ಯಜೀವಿಧಾಮವೂ ಇರುವುದು ಇಲ್ಲಿಯೇ. ಮಳೆಗಾಲದಲ್ಲಿ ಹಳ್ಳಗಳು ಉಕ್ಕಿ ಹರಿದಾಗ ಕಾಡಿನೊಳಗಿನ ಊರುಗಳ ದಾರಿಯೇ ಕಡಿದುಹೋಗುತ್ತದೆ. 2024ರ ಜುಲೈ ತಿಂಗಳಿನಲ್ಲಿ ಆಮಗಾಂವದ ಜನರು ತೀವ್ರವಾಗಿ ಅಸ್ವಸ್ಥರಾದ ಮಹಿಳೆಯೊಬ್ಬರನ್ನು ಸುರಿಯುವ ಮಳೆಯಲ್ಲಿ ಕಿಲೋಮೀಟರುಗಟ್ಟಲೆ ಹೊತ್ತು ಸಾಗಬೇಕಾಯಿತು. ಗೆರೆಯನ್ನು ಓದುವ ವೇಳೆಯನ್ನು ಯಂತ್ರವು ಕುಗ್ಗಿಸಬಲ್ಲದು; ಕಾಡಿನ ದಾರಿಯನ್ನು ಕುಗ್ಗಿಸಲಾರದು.

ಹಾಗಾದರೆ ವಿಜ್ಞಾನವು ಇಂಥ ಊರನ್ನು ಮುಟ್ಟುವ ಬಗೆ ಯಾವುದು? ಬೆಳಗಾವಿ ಜಿಲ್ಲೆಯೇ ಅದಕ್ಕೆ ಹಿಂದೊಮ್ಮೆ ಉತ್ತರ ಕೊಟ್ಟಿದೆ. ಹೆರಿಗೆಯ ನಂತರದ ರಕ್ತಸ್ರಾವವು ತಾಯಂದಿರ ಸಾವಿಗೆ ಮುಖ್ಯ ಕಾರಣ. ಅದನ್ನು ತಡೆಯುವ ರೂಢಿಯ ಚುಚ್ಚುಮದ್ದನ್ನು ತಂಪಾಗಿ ಕಾಪಾಡಬೇಕು; ಹಳ್ಳಿಯ ಮನೆಯಲ್ಲಿ ಆ ಅನುಕೂಲವೆಲ್ಲಿ? ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಗೆ ಈ ತೊಡಕಿಲ್ಲ. 2002ರಿಂದ 2005ರವರೆಗೆ ಜಿಲ್ಲೆಯ ಗ್ರಾಮಗಳಲ್ಲಿ, ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರೂ ವಿದೇಶದ ಸಂಶೋಧಕರೂ ಕೂಡಿ, 1,620 ತಾಯಂದಿರಲ್ಲಿ ಇದನ್ನು ಪರೀಕ್ಷಿಸಿದರು. ಅರ್ಧದಷ್ಟು ಮಂದಿಗೆ ಔಷಧದ ಮಾತ್ರೆ. ಉಳಿದವರಿಗೆ ಔಷಧಾಂಶವಿಲ್ಲದ ಮಾತ್ರೆ. ಅದನ್ನು ಕೊಟ್ಟವರು ಹೆರಿಗೆ ಮಾಡಿಸುತ್ತಿದ್ದ ಆರೋಗ್ಯ ಸಹಾಯಕಿಯರು. ರಕ್ತಸ್ರಾವಕ್ಕೆ ಒಳಗಾದವರ ಪ್ರಮಾಣವು ಶೇಕಡಾ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯು ಈ ಫಲಿತಾಂಶವನ್ನು ಪ್ರಕಟಿಸಿತು.

ಈ ಪ್ರಯೋಗದಿಂದ ಎರಡು ಪಾಠಗಳನ್ನು ಕಲಿಯಬೇಕು. ಹೊಸ ಸಾಧನವನ್ನು ಅದನ್ನು ಬಳಸುವ ಜನರ ನಡುವೆಯೇ ಪರೀಕ್ಷಿಸಬೇಕೆಂಬುದು ಮೊದಲನೆಯದು. ಊರಿನಲ್ಲಿ ನಂಬಿಕೆ ಗಳಿಸಿದ, ತರಬೇತಿ ಪಡೆದ ಕೈಗಳ ಮೂಲಕವೇ ಅದು ರೋಗಿಯನ್ನು ತಲುಪಬೇಕೆಂಬುದು ಎರಡನೆಯದು. ಯಂತ್ರಬುದ್ಧಿಗೂ ಈ ನಿಯಮಗಳು ಅನ್ವಯಿಸುತ್ತವೆ. ಮಧುಮೇಹಿಗಳ ಕಣ್ಣಿನ ರೋಗವನ್ನು ಛಾಯಾಚಿತ್ರದಿಂದ ಗುರುತಿಸುವ ಗೂಗಲ್ ಕಂಪನಿಯ ವ್ಯವಸ್ಥೆಯೊಂದು ಪ್ರಯೋಗಾಲಯದಲ್ಲಿ ತಜ್ಞರಿಗೆ ಸರಿಸಮವೆನಿಸಿತ್ತು. ಥಾಯ್ಲೆಂಡಿನ ಚಿಕಿತ್ಸಾಲಯಗಳಲ್ಲಿ ಅದನ್ನು ಬಳಸಿದಾಗ, ಐದರಲ್ಲಿ ಒಂದು ಪಾಲಿಗಿಂತ ಹೆಚ್ಚಿನ ಚಿತ್ರಗಳನ್ನು ಅದು ಓದದೆ ತಿರಸ್ಕರಿಸಿತೆಂದು 2020ರ ವರದಿಯೊಂದು ತಿಳಿಸಿತು. ಅನೇಕ ಕಡೆ ಕೊಠಡಿಯ ಬೆಳಕು ಸರಿಯಿರಲಿಲ್ಲ! ಪ್ರಯೋಗಾಲಯದ ಜಾಣತನವು ಹಳ್ಳಿಯ ಕೊಠಡಿಯಲ್ಲಿ ಹೀಗೆ ತಡವರಿಸುವುದುಂಟು.

ಇನ್ನೊಂದು ಅಪಾಯವೂ ಇದೆ. ಯಂತ್ರವು ಕಲಿಯುವುದು ದಾಖಲೆಗಳಿಂದ. ಅಮೆರಿಕದಲ್ಲಿ ಬಳಕೆಯಲ್ಲಿದ್ದ ಇಂಥ ಒಂದು ವ್ಯವಸ್ಥೆಯು, ಚಿಕಿತ್ಸೆಗೆ ಹೆಚ್ಚು ಹಣ ವೆಚ್ಚವಾದವರೇ ಹೆಚ್ಚು ಅಸ್ವಸ್ಥರೆಂದು ಎಣಿಸಿತ್ತು. ಮೊದಲಿನಿಂದಲೂ ಕಡಿಮೆ ಚಿಕಿತ್ಸೆ ಪಡೆದಿದ್ದ ಕಪ್ಪು ಜನಾಂಗದ ರೋಗಿಗಳನ್ನು ಅದು ಹಿಂದಕ್ಕೆ ತಳ್ಳುತ್ತಿತ್ತೆಂಬುದು 2019ರಲ್ಲಿ ಬೆಳಕಿಗೆ ಬಂದಿತು. ಖಾನಾಪುರದ ಕಾಡಂಚಿನಲ್ಲಿ ಆಸ್ಪತ್ರೆಯ ಮೆಟ್ಟಿಲನ್ನೇ ಏರದವರು ಇದ್ದಾರೆ. ದಾಖಲೆಯಿಲ್ಲದವರಿಗೆ ರೋಗವೇ ಇಲ್ಲವೆಂದು ಯಂತ್ರವು ತಿಳಿದರೆ ಗತಿಯೇನು? ಅಲ್ಲಿಯ ಜನರು ಕನ್ನಡ, ಮರಾಠಿ, ಕೊಂಕಣಿಗಳಲ್ಲಿ ತಮ್ಮ ನೋವನ್ನು ಹೇಳಿಕೊಳ್ಳುತ್ತಾರೆ. ಆ ನೋವಿನ ಮಾತನ್ನು ಯಂತ್ರಕ್ಕೆ ಮುಟ್ಟಿಸಬಲ್ಲವರು ಊರಿನ ಆಶಾ ಕಾರ್ಯಕರ್ತೆಯರೇ.

'ಮೊದಲು ರಸ್ತೆಯಾಗಲಿ, ವೈದ್ಯರು ಬರಲಿ. ಯಂತ್ರದ ಮಾತು ಆಮೇಲೆ' ಎಂದು ಕೆಲವರು ವಾದಿಸುತ್ತಾರೆ. ಈ ವಾದದಲ್ಲಿ ಸತ್ಯಾಂಶವಿದೆ. ಯಂತ್ರವಿದೆಯೆಂಬ ನೆಪದಿಂದ ವೈದ್ಯರ ಹುದ್ದೆಗಳನ್ನು ಖಾಲಿ ಬಿಡುವುದು ಜನರಿಗೆ ಬಗೆಯುವ ದ್ರೋಹವೇ ಸರಿ. ಆದರೆ ರಸ್ತೆಯಾಗುವವರೆಗೆ ರೋಗವು ಕಾಯುವುದಿಲ್ಲ. ಆರೋಗ್ಯ ಸಹಾಯಕಿಯ ಕೈಯಲ್ಲಿ ಒಂದು ಸಣ್ಣ ಇ.ಸಿ.ಜಿ. ಉಪಕರಣವಿದ್ದು, ಅಪಾಯದ ಸೂಚನೆಯು ಒಂದು ಗಂಟೆ ಮುಂಚಿತವಾಗಿ ದೊರೆತರೆ, ರೋಗಿಯನ್ನು ಹೊತ್ತು ನಡೆಯುವವರ ಶ್ರಮವು ಸಾರ್ಥಕವಾದೀತು. ಆದ್ದರಿಂದ ರಸ್ತೆಯೂ ಬೇಕು, ವೈದ್ಯರೂ ಬೇಕು, ಯಂತ್ರವೂ ಬೇಕು; ಒಂದು ಮತ್ತೊಂದಕ್ಕೆ ಬದಲಿಯಾಗಬಾರದು.

ನಗರದ ಆಸ್ಪತ್ರೆಯಲ್ಲಿ ಹೊಳೆಯುವ ಯಂತ್ರವನ್ನು ಕಂಡು ನಾವು ಬೆರಗಾಗುವುದು ಸಹಜ. ಆದರೆ ಅದರ ನಿಜವಾದ ಬೆಲೆಯನ್ನು ಅಳೆಯಬೇಕಾದುದು ದಾರಿ ಮುಗಿಯುವ ಊರಿನಲ್ಲಿ. ಯಂತ್ರಕ್ಕೆ ನೋವಿನ ಅರಿವಿಲ್ಲ. ಆ ಅರಿವುಳ್ಳವರು ಅದನ್ನು ಎಲ್ಲಿಗೆ ಒಯ್ಯುತ್ತಾರೆ, ಯಾರಿಗಾಗಿ ಬಳಸುತ್ತಾರೆ ಎಂಬುದರಿಂದಲೇ ಅದು ವರವಾಗುವುದೋ ಬರಿಯ ವೈಭವವಾಗುವುದೋ ತೀರ್ಮಾನವಾಗುತ್ತದೆ. ನಾಳೆ ವೈದ್ಯರೂ ದಾದಿಯರೂ ಗಣಕತಜ್ಞರೂ ಆಗಲಿರುವ ಇಂದಿನ ವಿದ್ಯಾರ್ಥಿಗಳು ಈ ಹೊಣೆಯನ್ನು ಅರಿತುಕೊಳ್ಳಬೇಕು.