ಟರ್ಬೊ ಕಾರಿಗೆ ನೀರು ಸಾಲದೆ?

ಚೈತ್ರ ವೈಶಾಖಗಳ ಮಧ್ಯಾಹ್ನದಲ್ಲಿ ಬಳ್ಳಾರಿಯಿಂದ ಹೊರಟು ಸಿರುಗುಪ್ಪವನ್ನು ಹಾದು ತುಂಗಭದ್ರೆಯ ದಂಡೆಯ ಕೆಂಚನಗುಡ್ಡಕ್ಕೆ ಹೋಗುವವನಿಗೆ, ಗಾಳಿಯ ಉಷ್ಣತೆಯು 42 ಡಿಗ್ರಿಯನ್ನು ಮುಟ್ಟಿದೆಯೆಂಬುದು ವಾರ್ತೆಯೆನಿಸುವ ವಿಷಯವಲ್ಲ. ಆದರೆ ಅವನು ಕುಳಿತ ಕಾರು ಟರ್ಬೊ ಎಂಜಿನ್ನಿನದಾಗಿದ್ದರೆ, ಎಂಜಿನ್ನಿನ ಮಟ್ಟಿಗೆ ಅದು ದೊಡ್ಡ ವಾರ್ತೆಯೇ ಸರಿ. ಅಂಥ ಬಿಸಿಗಾಳಿಯನ್ನೇ ಸೇವಿಸಿ ಓಡಬೇಕಾದ ಯಂತ್ರದಿಂದ ಕಾರ್ಖಾನೆ ಕೊಟ್ಟುದಕ್ಕಿಂತ ಹೆಚ್ಚಿನ ಶಕ್ತಿಯನ್ನು ಪಡೆಯಬೇಕೆಂಬ ಹಂಬಲವುಳ್ಳವರಿಗೆ ನೀರು-ಮೆಥನಾಲ್ ಇಂಜೆಕ್ಷನ್ ಎಂಬ ಉಪಕರಣವು ಆಕರ್ಷಕವಾಗಿ ಕಾಣುವುದು ಸಹಜ. ಉಪಕರಣವನ್ನು ನಾನು ಹಳಿಯುವವನಲ್ಲ. ಅದರ ತತ್ತ್ವ ನಿಜವಾದುದು, ಅದರ ಇತಿಹಾಸ ಗೌರವಾರ್ಹವಾದುದು. ನನ್ನ ತಕರಾರೆಲ್ಲ ಅದರ ತೊಟ್ಟಿಗೆ ಸುರಿಯುವ ಮೆಥನಾಲಿನ ಮೇಲೆ. ನಮ್ಮ ಸೀಮೆಯಲ್ಲಿ ಇದನ್ನು ಅಳವಡಿಸುವುದೇ ಆದರೆ ಬರಿಯ ನೀರು ಸಾಕು ಎಂಬುದು ನನ್ನ ವಾದ.

ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ; ಸೈಕಲ್ ಪಂಪಿನ ಬುಡವನ್ನು ಮುಟ್ಟಿ ನೋಡಿದವರಿಗೆಲ್ಲ ಇದು ತಿಳಿದದ್ದೇ. 42 ಡಿಗ್ರಿಯ ಗಾಳಿಯನ್ನು ಟರ್ಬೊ ತನ್ನೊಳಗೆ ಸೆಳೆದು ಅದರ ಒತ್ತಡವನ್ನು ಇಮ್ಮಡಿಗೊಳಿಸಿದರೆ, ಕಂಪ್ರೆಸರಿನ ದಕ್ಷತೆ ಸಾಧಾರಣವಾದುದೆಂದು ಹಿಡಿದರೂ, ಹೊರಬೀಳುವ ಗಾಳಿಯ ಉಷ್ಣತೆ 140 ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಇಂಟರ್‌ಕೂಲರ್ ಇದನ್ನು ಬಹುಮಟ್ಟಿಗೆ ಇಳಿಸುತ್ತದೆಯಾದರೂ, ತಾನೇ ಹೊರಗಿನ ಗಾಳಿಯಿಂದ ತಣಿಯಬೇಕಾದ ಅದು ಆ 42ಕ್ಕಿಂತ ಕೆಳಗೆ ಇಳಿಸಲಾರದು. ಬಿಸಿಗಾಳಿಯೊಡನೆ ಸಿಲಿಂಡರನ್ನು ಸೇರಿದ ಪೆಟ್ರೋಲು ಸ್ಪಾರ್ಕ್ ಪ್ಲಗ್ಗು ಹಚ್ಚಿದ ಜ್ವಾಲೆ ತನ್ನನ್ನು ತಲಪುವವರೆಗೆ ಕಾಯದೆ ತಾನಾಗಿಯೇ ಸಿಡಿದಾಗ, ನಮ್ಮ ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವ ಆ ಕಟಕಟ ಸದ್ದು ಕೇಳಿಬರುತ್ತದೆ. ಅದು ಬಲವಾದರೆ ಪಿಸ್ಟನ್ನು ಉಳಿಯದು. ಈ ಬಿಸಿಗಾಳಿಯ ಹಾದಿಯಲ್ಲಿ ನೀರನ್ನು ಮಂಜಿನಂತೆ ಸಿಂಪಡಿಸಿದರೆ, ಪ್ರತಿಯೊಂದು ಕಿಲೋಗ್ರಾಂ ನೀರು ಆವಿಯಾಗುವಾಗ ಸುಮಾರು 2,250 ಕಿಲೋಜೂಲ್ ಶಾಖವನ್ನು ಹೀರಿಕೊಳ್ಳುತ್ತದೆ. ಮೆಥನಾಲು ಹೀರುವುದು ಅದರ ಅರ್ಧದಷ್ಟು, ಪೆಟ್ರೋಲು ಆರರಲ್ಲೊಂದು ಪಾಲಿನಷ್ಟು. ತಣಿಸುವ ಕೆಲಸವೊಂದನ್ನೇ ನೋಡುವುದಾದರೆ ನೀರಿಗೆ ಇವೆರಡೂ ಸಮನಲ್ಲ.

ಹಾಗಿದ್ದ ಮೇಲೆ ಮೆಥನಾಲು ಈ ಕಥೆಯೊಳಗೆ ಬಂದುದು ಹೇಗೆ? ವಿಮಾನಗಳ ಮೂಲಕ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ನೀರನ್ನೂ ಮೆಥನಾಲನ್ನೂ ಸರಿಸುಮಾರು ಸಮಸಮವಾಗಿ ಬೆರೆಸಿ ಎಂ.ಡಬ್ಲ್ಯು. 50 ಎಂಬ ಹೆಸರಿನಿಂದ ಯುದ್ಧವಿಮಾನಗಳಲ್ಲಿ ಬಳಸಿದರು. ನಮ್ಮ ನಾಡಿಗೂ ಈ ವಿದ್ಯೆ ಅಪರಿಚಿತವಲ್ಲ. ಬೆಂಗಳೂರಿನ ಎಚ್.ಎ.ಎಲ್. ಎಂಜಿನ್ ವಿಭಾಗವು ರೋಲ್ಸ್-ರಾಯ್ಸ್ ಸಂಸ್ಥೆಯ ಪರವಾನಗಿ ಪಡೆದು ತಯಾರಿಸಿದ ಡಾರ್ಟ್ ಎಂಜಿನ್, ಕಾನ್ಪುರದಲ್ಲಿ ಜೋಡಣೆಗೊಂಡು 1961ರಲ್ಲಿ ಮೊದಲು ಹಾರಿದ ಆವ್ರೊ 748 ವಿಮಾನದ ಎಂಜಿನ್ನು. ಬಿಸಿಲಿನಿಂದ ಗಾಳಿ ತೆಳುವಾಗಿ ಶಕ್ತಿ ಕುಗ್ಗಿದ ದಿನಗಳಲ್ಲಿ, ನೆಲ ಬಿಟ್ಟೇಳುವ ಅಲ್ಪ ಕಾಲದ ಮಟ್ಟಿಗೆ ನೀರು-ಮೆಥನಾಲನ್ನು ಒಳಬಿಟ್ಟು ಆ ಕುಂದನ್ನು ತುಂಬಿಕೊಳ್ಳುವುದು ಡಾರ್ಟ್ ಎಂಜಿನ್ನಿಗೆ ವಿಹಿತವಾದ ಕ್ರಮವಾಗಿತ್ತು. ಅಲ್ಲಿ ಮೆಥನಾಲಿಗೆ ಎರಡು ಕಾರ್ಯಗಳಿದ್ದುವು. ಎತ್ತರದ ಆಕಾಶದ ಶೀತದಲ್ಲಿ ತೊಟ್ಟಿಯ ನೀರು ಹೆಪ್ಪುಗಟ್ಟದಂತೆ ಕಾಯುವುದು ಒಂದು. ನೀರು ನುಂಗಿದ ಶಾಖವನ್ನು ತಾನು ಉರಿದು ಭರ್ತಿಮಾಡಿಕೊಡುವುದು ಮತ್ತೊಂದು. ಮೊದಲನೆಯ ಕಾರ್ಯವನ್ನು ಸಿರುಗುಪ್ಪದಲ್ಲಿ ಯಾರು ಯಾವ ಮಾಸದಲ್ಲಿ ಅಪೇಕ್ಷಿಸಬೇಕೋ ನನಗೆ ತೋಚದು. ಮಾಗಿಯ ನಸುಕಿನಲ್ಲೂ ಇಲ್ಲಿ ನೀರು ನೀರಾಗಿಯೇ ಇರುತ್ತದೆ.

ಎರಡನೆಯ ಕಾರ್ಯದ ವಿಷಯದಲ್ಲಿ ನ್ಯಾಯವಾಗಿ ಮಾತಾಡಬೇಕು. ಮೆಥನಾಲು ನಾಕಿಂಗನ್ನು ತಡೆಯುವ ಉತ್ತಮ ಇಂಧನ. ಅದನ್ನು ಬಿಟ್ಟರೆ ಕೆಲವು ಅಶ್ವಶಕ್ತಿಗಳು ಕೈತಪ್ಪುವುದು ದಿಟ. ಆದರೆ ಪೆಟ್ರೋಲ್ ಬಂಕಿನಲ್ಲಿ ಈಗ ದೊರಕುವ ಪೆಟ್ರೋಲಿನಲ್ಲಿಯೇ ನೂರಕ್ಕೆ 20ರಷ್ಟು ಎಥೆನಾಲು ಬೆರೆತಿರುವುದರಿಂದ, ಆಲ್ಕೊಹಾಲಿನ ಉಪಕಾರದಲ್ಲಿ ಒಂದು ಪಾಲು ಬೇಡವೆಂದರೂ ಎಂಜಿನ್ನಿಗೆ ಸಲ್ಲುತ್ತಲೇ ಇದೆ. ಮೇಲಾಗಿ 2016ರಲ್ಲಿ ಬಿ.ಎಂ.ಡಬ್ಲ್ಯು. ಸಂಸ್ಥೆ ಎಂ4 ಜಿ.ಟಿ.ಎಸ್. ಎಂಬ 500 ಅಶ್ವಶಕ್ತಿಯ ಟರ್ಬೊ ಕಾರಿಗೆ ಈ ವ್ಯವಸ್ಥೆಯನ್ನು ಕಾರ್ಖಾನೆಯಲ್ಲಿಯೇ ಜೋಡಿಸಿದಾಗ, ಅದರ 5 ಲೀಟರಿನ ತೊಟ್ಟಿಗೆ ವಿಧಿಸಿದ್ದು ಭಟ್ಟಿ ಇಳಿಸಿದ ನೀರನ್ನೇ ಹೊರತು ಬೇರೇನನ್ನೂ ಅಲ್ಲ. ಅಂಥ ಕಾರಿಗೆ ಸಾಕಾದುದು ಬಳ್ಳಾರಿಯ ರಸ್ತೆಯ ಕಾರಿಗೆ ಸಾಲದೆಂದರೆ, ಕೊರತೆ ಎಂಜಿನ್ನಿನದಲ್ಲ, ಚಾಲಕನ ತೃಪ್ತಿಯದು.

ಮೆಥನಾಲಿನ ಇನ್ನೊಂದು ಮುಖವನ್ನು ಕನ್ನಡ ಪತ್ರಿಕೆಗಳ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಬಡಜನರ ಪ್ರಾಣವನ್ನು ತೆಗೆದ, 2008ರಲ್ಲಿ ಮತ್ತೊಮ್ಮೆ ಬೆಂಗಳೂರು ಕೋಲಾರಗಳ ಮನೆಗಳಲ್ಲಿ ಗೋಳೆಬ್ಬಿಸಿದ ಕಳ್ಳಬಟ್ಟಿಯ ವಿಷ ಇದೇ. 10 ಮಿಲಿಲೀಟರಿನಷ್ಟು ಒಡಲು ಸೇರಿದರೂ ಕಣ್ಣಿನ ಬೆಳಕು ಹೋಗಬಹುದು. ಚರ್ಮದ ಮೂಲಕವೂ ಅದು ಒಳಗಿಳಿಯಬಲ್ಲದು. ಹೊತ್ತಿಕೊಂಡರೆ ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣಿಸುವುದೂ ದುರ್ಲಭ. ನೋಡಲು ನೀರೇ. ಅದನ್ನು ಕ್ಯಾನಿನಲ್ಲಿ ತಂದು, ಪಡಸಾಲೆಯ ಮೂಲೆಯಲ್ಲಿ ಕುಡಿಯುವ ನೀರಿನ ಕ್ಯಾನಿನ ಪಕ್ಕಕ್ಕೇ ಇಡುವ ಮನೆಯ ಚಿತ್ರ ಮನಸ್ಸಿಗೆ ಬಂದರೆ ಎದೆ ನಡುಗುತ್ತದೆ. 2023ರ ಮಾರ್ಚಿನಲ್ಲಿ ಬೆಂಗಳೂರಿನ ಬಿ.ಎಂ.ಟಿ.ಸಿ. ಬಸ್ಸುಗಳಲ್ಲಿ ನೂರಕ್ಕೆ 15ರಷ್ಟು ಮೆಥನಾಲು ಬೆರೆತ ಡೀಸೆಲಿನ ಪ್ರಯೋಗ ಆರಂಭವಾಗಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಆರಂಭವಾಯಿತು, ಆದರೆ ಡಿಪೋದ ಕಟ್ಟುಪಾಡಿನೊಳಗೆ ತೈಲ ಕಂಪನಿಯೊಂದು ಬೆರೆಸಿಕೊಡುವ ಇಂಧನವೂ, ಮನೆಯ ಹಿತ್ತಲಿನಲ್ಲಿ ಅಳತೆಯ ಲೋಟದಿಂದ ಬೆರೆಸುವ ವಿಷವೂ ಒಂದೇ ಅಲ್ಲ.

ಇನ್ನು ನೀರು. ಕೆಂಚನಗುಡ್ಡದ ಬಳಿ ವಿಜಯನಗರದ ಅರಸರ ಕಾಲದ ಅಣೆಕಟ್ಟು ತುಂಗಭದ್ರೆಯನ್ನು ತಡೆದು ಕಾಲುವೆಗೆ ತಿರುಗಿಸಿದ ನೀರು ಶತಮಾನಗಳಿಂದ ಭತ್ತದ ಗದ್ದೆಗಳನ್ನು ಸಾಕಿದೆ; ಆ ಉಪಕಾರಕ್ಕೆ ನಮಸ್ಕಾರ, ಆದರೆ ಸಿಂಪಡಿಸುವ ನಾಜಲ್ಲಿಗೆ ಆ ನೀರು ಸಲ್ಲದು. ಎರೆಭೂಮಿಯ ಬೋರ್‌ವೆಲ್ ನೀರಂತೂ ಕೂಡದು. ಸೂಜಿಮೊನೆಯಂಥ ರಂಧ್ರದಲ್ಲಿ ಅದರ ಲವಣವು ಬಿಳಿಯ ಪೊರೆಯಾಗಿ ಕಟ್ಟಿಕೊಂಡು, ಹೊಗೆಯಂತೆ ಹೊಮ್ಮಬೇಕಾದ ಸಿಂಚನವು ಒಂದು ಬದಿಗೆ ವಾಲಿ ಹನಿಹನಿಯಾಗಿ ತೊಟ್ಟಿಕ್ಕತೊಡಗುತ್ತದೆ. ಯಾವ ಗ್ಯಾರೇಜಿನಲ್ಲಿಯೂ ಬ್ಯಾಟರಿಗೆಂದು ಇಟ್ಟಿರುವ ಡಿಸ್ಟಿಲ್ಡ್ ವಾಟರ್ ಈ ಕಾರ್ಯಕ್ಕೆ ತಕ್ಕುದು.

ಜೋಡಣೆಯ ವಿವರಗಳಲ್ಲಿ ಮುಖ್ಯವಾದುದನ್ನಷ್ಟೇ ಹೇಳುತ್ತೇನೆ. ನಾಜಲ್ಲನ್ನು ಇಂಟರ್‌ಕೂಲರ್ ದಾಟಿದ ಮೇಲೆ, ಥ್ರಾಟಲ್ಲಿಗೆ ಮುಂಚಿನ ಕೊಳವೆಯಲ್ಲಿ ಕೂರಿಸಬೇಕು. ಕೂರಿಸುವ ಮೊದಲು ಅದನ್ನು ಪಾರದರ್ಶಕವಾದ ಬಾಟಲಿಯೊಳಕ್ಕೆ ಹಿಡಿದು ಪಂಪು ಚಾಲೂ ಮಾಡಿ ಸಿಂಚನವನ್ನು ಕಣ್ಣಾರೆ ಕಾಣತಕ್ಕದ್ದು. ಟರ್ಬೊ ಒತ್ತಡವು ಅರ್ಧಕ್ಕಿಂತ ಮೇಲೇರಿದಾಗ ಮಾತ್ರ ಪಂಪು ಎಚ್ಚರಗೊಳ್ಳಲಿ. ನೀರಿನ ಪ್ರಮಾಣವು ಇಂಧನದ ನೂರಕ್ಕೆ 10ರಿಂದ ಆರಂಭವಾಗಲಿ. ನಾಜಲ್ಲಿನ ಹಿಂದೆ ಸಾಲೆನಾಯ್ಡ್ ಕವಾಟವಿಲ್ಲದಿದ್ದರೆ, ಎತ್ತರದಲ್ಲಿರುವ ತೊಟ್ಟಿಯಿಂದ ನಿಂತ ಕಾರಿನೊಳಗೆ ನೀರು ತಾನಾಗಿಯೇ ಇಳಿಯಬಹುದು. ಸಿಲಿಂಡರಿನಲ್ಲಿ ನೀರು ನಿಂತಿರುವಾಗ ಮುಂಜಾನೆ ಸ್ಟಾರ್ಟ್ ಮಾಡಿದವನ ಕನೆಕ್ಟಿಂಗ್ ರಾಡ್ ಡೊಂಕಾಗಿ ಹೋಗುತ್ತದೆ, ಏಕೆಂದರೆ ಗಾಳಿಯನ್ನು ಒತ್ತಿದಂತೆ ನೀರನ್ನು ಒತ್ತಲಾಗದು. ಡೀಸೆಲ್ ಕಾರಿನವರಿಗೆ ನಾಕಿಂಗಿನ ಈ ಚಿಂತೆ ಇಲ್ಲ. ಅವರಿಗೆ ಲಾಭ ಹೊಗೆಯ ಶಾಖವು ತಗ್ಗುವುದರಲ್ಲಿ.

ಇವೆಲ್ಲಕ್ಕಿಂತ ಗುರುತರವಾದ ಪ್ರಶ್ನೆ, ತೊಟ್ಟಿ ಬರಿದಾದಾಗ ಏನಾಗಬೇಕೆಂಬುದು. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಸಂಸ್ಥೆ ಜೆಟ್‌ಫೈರ್ ಎಂಬ ಟರ್ಬೊ ಕಾರನ್ನು ಹೊರತಂದು, ಅದಕ್ಕೆ ನೀರು-ಮೆಥನಾಲಿನ ಮಿಶ್ರಣವನ್ನು ಟರ್ಬೊ ರಾಕೆಟ್ ಫ್ಲೂಯಿಡ್ ಎಂಬ ಆಡಂಬರದ ಹೆಸರಿನಿಂದ ಮಾರಿತು. ಮಾಲೀಕರು ಅದನ್ನು ತುಂಬಿಸಲು ಮರೆತರು. ಆದರೆ ವಿನ್ಯಾಸಕಾರರು ಆ ಮರೆವನ್ನು ಮೊದಲೇ ಎಣಿಸಿ, ದ್ರವ ಮುಗಿದೊಡನೆ ಟರ್ಬೊ ಒತ್ತಡ ತಾನಾಗಿ ಇಳಿಯುವಂತೆ ಏರ್ಪಡಿಸಿದ್ದರು. ಕಾರು ಮಂದವಾಯಿತೆಂಬ ದೂರು ಬಂತೇ ಹೊರತು, ಮರೆತ ತಪ್ಪಿಗೆ ಎಂಜಿನ್ನು ದಂಡ ತೆರಬೇಕಾಗಲಿಲ್ಲ. ಅರುವತ್ತು ವರ್ಷಗಳ ಹಿಂದಿನ ಈ ವಿವೇಕವನ್ನು, ಪಂಪು ನಾಜಲ್ಲು ಗುಂಡಿಯೊಂದನ್ನು ಮಾತ್ರ ಡಬ್ಬಿಯಲ್ಲಿ ತುಂಬಿ ಮಾರುವವರು ಕೈಬಿಟ್ಟಿರುವುದು ಅಕ್ಷಮ್ಯ. ಹರಿವನ್ನು ಅಳೆಯುವ ಸೆನ್ಸರ್ ಇದ್ದು, ಹರಿವು ನಿಂತ ಕ್ಷಣವೇ ಟರ್ಬೊ ಒತ್ತಡ ಇಳಿಯುವಂತಿಲ್ಲದ ಕಾರಿನ ಇಗ್ನಿಷನ್ ಟೈಮಿಂಗನ್ನು ಯಾವ ಟ್ಯೂನರೂ ಅಡ್ವಾನ್ಸ್ ಮಾಡಬಾರದು, ಕೇಳಿದರೂ ಒಲ್ಲೆನೆನ್ನಬೇಕು.

ಕಾನೂನಿನ ಮಾತು ಉಳಿಯಿತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿ ಕಾಣಿಸಿದ ತಯಾರಕರ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಶಕ್ತಿಯನ್ನು ಹೆಚ್ಚಿಸದೆ ಬಿಸಿಲಿನ ದಿನ ಎಂಜಿನ್ನನ್ನು ತಣಿಸುವುದಷ್ಟೇ ಉದ್ದೇಶವಾದ ನೀರಿನ ತೊಟ್ಟಿಯೂ ಆ ನಿಷೇಧದೊಳಗೆ ಬರುತ್ತದೆಯೆ ಎಂಬುದನ್ನು ಸಾರಿಗೆ ಇಲಾಖೆ ಸ್ಪಷ್ಟಮಾತಿನಲ್ಲಿ ತಿಳಿಸುವುದು ಯುಕ್ತ. ಮೆಥನಾಲಿನ ತೊಟ್ಟಿಯ ವಿಷಯದಲ್ಲಿ ಮಾತ್ರ ಇಲಾಖೆಯವರು ಎಷ್ಟು ಕಟುವಾಗಿ ನಡೆದುಕೊಂಡರೂ ನಾನು ಅವರ ಪಕ್ಷವೇ.