ಹನ್ನೊಂದು ಜನ ಸಾಲದ ಮನೆ

ಈ ಸಲ ಅಡಿಗೆ ಮಾತಿಲ್ಲ, ಫುಟ್‌ಬಾಲ್ ಮಾತು. ಅಯ್ಯೋ, ಪುಟ ಮಗುಚಬೇಡಿ, ಸ್ವಲ್ಪ ತಾಳಿ!

ಮೊನ್ನೆ ಭಾನುವಾರ ಊಟ ಮುಗಿದರೂ ನಮ್ಮ ಯಜಮಾನರು, ಮೈದುನ ಇಬ್ಬರೂ ತಟ್ಟೆ ಮುಂದಿನಿಂದ ಏಳಲೇ ಇಲ್ಲ. ಕೈ ಒಣಗಿ ಹೋಗಿತ್ತು. ಏನಪ್ಪಾ ಅಂದರೆ, ಕರ್ನಾಟಕದ ಕ್ರಿಕೆಟ್ ತಂಡಕ್ಕೆ ಆಡಿದವರಲ್ಲೆಲ್ಲ ಅತ್ಯುತ್ತಮರಾದ ಹನ್ನೊಂದು ಜನರನ್ನು ಆರಿಸುತ್ತಿದ್ದರು. ವಿಶ್ವನಾಥ್, ದ್ರಾವಿಡ್, ಕುಂಬ್ಳೆ ತನಕ ಸುಸೂತ್ರ. ಪ್ರಸನ್ನ, ಚಂದ್ರಶೇಖರ್ ಇಬ್ಬರೂ ಬೇಕೋ ಒಬ್ಬರು ಸಾಕೋ ಅನ್ನೋ ಕಡೆ ದನಿ ಏರಿತು. ನಾನು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ನಗು ಬಂತು, ಹಾಗೇ ಕಲ್ಕತ್ತೆಯ ಮನೆ ನೆನಪಾಯಿತು. ಇದರ ಅಪ್ಪನಂಥ ಜಗಳ ಅಲ್ಲಿ ನೋಡಿ ಬಂದವಳು ನಾನು.

2018ರಲ್ಲಿ ಯಜಮಾನರಿಗೆ ಬ್ಯಾಂಕಿನಲ್ಲಿ ಬಡ್ತಿಯಾಯಿತು. ಬಡ್ತಿಯ ಬೆನ್ನಿಗೇ ಕಲ್ಕತ್ತೆಗೆ ವರ್ಗ. ಜಾದವಪುರದ ಹತ್ತಿರ ಒಂದು ಕಾಲೊನಿಯಲ್ಲಿ ಮಹಡಿ ಮನೆ ಸಿಕ್ಕಿತು. ದೇಶ ಭಾಗವಾದಾಗ ಪೂರ್ವ ಬಂಗಾಳದಿಂದ ಉಟ್ಟ ಬಟ್ಟೆಯಲ್ಲಿ ಬಂದವರು ಕಟ್ಟಿಕೊಂಡ ಬಡಾವಣೆಗಳು ಆ ಕಡೆ ಬಹಳ. ಕೆಳಗೆ ಮನೆ ಮಾಲೀಕರ ಸಂಸಾರ: ಎಂಬತ್ತು ದಾಟಿದ ಯಜಮಾನರು, ಅವರ ಹೆಂಡತಿ, ಮಗ, ಸೊಸೆ, ಮೊಮ್ಮಗ. ಹಿರಿಯರನ್ನು ಅಲ್ಲಿನ ರೂಢಿಯಂತೆ ನಾವು ಮೇಸೋ, ಮಾಸಿಮಾ ಅನ್ನುತ್ತಿದ್ದೆವು. ಮಗ ದಾದಾ, ಸೊಸೆ ಬೌದಿ. ಬೌದಿ ಅಂದರೆ ಅತ್ತಿಗೆ.

ಹೋದ ದಿನವೇ ಮೇಸೋ ಕೇಳಿದರು, ಯಾವ ಊರು? ತಿಪಟೂರು ಅಂದೆ. ಕಣ್ಣು ಪಿಳಪಿಳ ಬಿಟ್ಟರು. ಬೆಂಗಳೂರಿನ ಹತ್ತಿರ ಅಂದೆ. ಅಷ್ಟೇ ಸಾಕಾಯಿತು ನೋಡಿ! "ಬೆಂಗಳೂರಾ? ಅಹ್ಮದ್ ಖಾನ್ ಊರು! ಹೋದ ವರ್ಷ ತೀರಿಕೊಂಡರಲ್ಲ, ನೋಡೋಕೆ ಹೋಗಿದ್ದಿರಾ?" ನನಗೆ ಯಾರು ಅಂತಲೇ ಗೊತ್ತಿಲ್ಲ. ನಮ್ಮವರ ಮುಖ ನೋಡಿದೆ. ಅವರು ಗೋಡೆ ನೋಡುತ್ತಿದ್ದರು. "ಇಲ್ಲ" ಅಂದದ್ದಕ್ಕೆ ಆ ಮುದುಕರ ಮುಖ ಸಣ್ಣದಾಯಿತು. ನನಗೆ ನಾಚಿಕೆಯಾಗಿ ಹೋಯಿತು.

ಆಮೇಲೆ ತಿಳಿದುಕೊಂಡೆ, ನಿಮಗೂ ಹೇಳಿಬಿಡುತ್ತೇನೆ. ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬರಿಗಾಲಲ್ಲಿ ಆಡಿದವರು. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು. 1949ರಿಂದ ಹತ್ತು ವರ್ಷ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಆಡಿದರು. ಚೆಂಡು ಅವರು ಹೇಳಿದ ಹಾಗೆ ಕೇಳುತ್ತಿತ್ತಂತೆ, ಅದಕ್ಕೇ ಹಾವಾಡಿಗ ಅಂತ ಹೆಸರು. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ನಮ್ಮವರೇ ಆದರೂ ನಮಗೆ ಗೊತ್ತಿಲ್ಲ, ಸಾವಿರಾರು ಮೈಲಿ ಆಚೆಯವರು ಕಣ್ಣೀರು ಹಾಕುತ್ತಾರೆ. ಹೇಗಿದೆ?

ಕಲ್ಕತ್ತೆಯಲ್ಲಿ ಫುಟ್‌ಬಾಲ್ ಅಂದರೆ ಎರಡು ಪಂಗಡ. ಮೊದಲಿಂದ ಅಲ್ಲೇ ಇದ್ದ ಘೋಟಿಗಳು ಮೋಹನ್ ಬಾಗಾನ್ ಕಡೆ. ಪೂರ್ವದಿಂದ ಬಂದ ಬಾಂಗಾಲ್‌ಗಳು ಈಸ್ಟ್ ಬೆಂಗಾಲ್ ಕಡೆ. ಮೋಹನ್ ಬಾಗಾನ್ ಗೆದ್ದರೆ ಮಾರ್ಕೆಟ್ಟಿನಲ್ಲಿ ಸೀಗಡಿಗೆ ಬೆಲೆ, ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್ ಮೀನಿಗೆ. ನಾವು ಸಸ್ಯಾಹಾರಿಗಳು. ಹಿಂದಿನ ದಿನ ಯಾರು ಗೆದ್ದರು ಅಂತ ನನಗೆ ಮೆಟ್ಟಿಲಲ್ಲಿ ವಾಸನೆ ಬಂದೇ ಗೊತ್ತಾಗುತ್ತಿತ್ತು. ನಮ್ಮ ಬೌದಿ ಘೋಟಿಗಳ ಮನೆ ಹುಡುಗಿ ಬೇರೆ! ಮದುವೆಯಾಗಿ ಮೂವತ್ತೈದು ವರ್ಷವಾದರೂ ಪಂದ್ಯದ ದಿನ ಅಡಿಗೆ ಮನೆಯಲ್ಲಿ ಯಾರ ಕಡೆಯೂ ಮಾತಾಡದೆ ಒಬ್ಬರೇ ಇರುತ್ತಿದ್ದರು.

ಈಸ್ಟ್ ಬೆಂಗಾಲ್ ಹುಟ್ಟಿದ್ದೇ ಆಟಗಾರರನ್ನು ಆರಿಸೋ ಜಗಳದಲ್ಲಿ. 1920ರಲ್ಲಿ ಮೋಹನ್ ಬಾಗಾನ್ ಮೇಲಿನ ಒಂದು ಪಂದ್ಯಕ್ಕೆ ಜೋಡಾಬಾಗಾನ್ ಕ್ಲಬ್ಬಿನವರು ಶೈಲೇಶ್ ಬೋಸ್ ಅನ್ನೋ ಪೂರ್ವದ ಆಟಗಾರನನ್ನು ಬಿಟ್ಟರು. ಆ ಕ್ಲಬ್ಬಿನ ಉಪಾಧ್ಯಕ್ಷರಾಗಿದ್ದ ಸುರೇಶ್ ಚಂದ್ರ ಚೌಧುರಿ ಎಷ್ಟು ಹೇಳಿದರೂ ಕೇಳಲಿಲ್ಲ. ಅವರು ಸಿಟ್ಟಾಗಿ ಹೊರಬಂದು, ನಾಲ್ಕು ಜನ ಸೇರಿ ಆಗಸ್ಟ್ 1ರಂದು ಹೊಸ ಕ್ಲಬ್ಬನ್ನೇ ಕಟ್ಟಿದರು. ಒಬ್ಬನನ್ನು ಬಿಟ್ಟದ್ದಕ್ಕೆ ಇಷ್ಟಾದರೆ, ನೂರು ವರ್ಷದವರಲ್ಲಿ ಹನ್ನೊಂದೇ ಜನ ಇಟ್ಟುಕೊಂಡು ಮಿಕ್ಕವರನ್ನೆಲ್ಲ ಬಿಡಬೇಕು ಅಂದರೆ ಮನೆ ಉಳಿಯುತ್ತದೆಯೇ?

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತಲ್ಲ, ಆಗ ಶುರುವಾಯಿತು. ಆಗಸ್ಟ್ 1ಕ್ಕೆ ಕ್ಲಬ್ಬಿಗೆ ನೂರು ತುಂಬುತ್ತದೆ, ಅಷ್ಟರೊಳಗೆ ನಮ್ಮ ಮನೆಯ ಪಟ್ಟಿ ಆಗಲೇಬೇಕು ಅಂತ ಮೊಮ್ಮಗ ಹಠ ಹಿಡಿದ. ಕಚೇರಿಯಿಲ್ಲ, ಆಟವಿಲ್ಲ. ಸಂಜೆ ಐದಕ್ಕೆ ಜಗಲಿಯಲ್ಲಿ ಸಭೆ. ನಾನು ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದೆ.

ತರಬೇತುದಾರ ಯಾರು ಅನ್ನೋದಕ್ಕೆ ಮಾತ್ರ ಜಗಳವಿರಲಿಲ್ಲ. ಪಿ. ಕೆ. ಬ್ಯಾನರ್ಜಿ. 1970ರಿಂದ 75ರ ತನಕ ಸತತ ಆರು ವರ್ಷ ಕಲ್ಕತ್ತಾ ಲೀಗ್ ಗೆದ್ದರಲ್ಲ, ಅದರಲ್ಲಿ 72ರಿಂದ ಅವರದೇ ತರಬೇತಿ. ಅವರು ಆ ಮಾರ್ಚ್ 20ರಂದು ತಾನೇ ತೀರಿಕೊಂಡಿದ್ದರು.

ಮಿಕ್ಕಿದ್ದಕ್ಕೆಲ್ಲ ಕುರುಕ್ಷೇತ್ರ! ಮೇಸೋಗೆ ಪಂಚಪಾಂಡವರೇ ಬೇಕು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇ, ಈ ಐವರು ದಕ್ಷಿಣದವರು ಮುಂದಿನ ಸಾಲಿನಲ್ಲಿ ಆಡಿ 1949, 50, 51 ಮೂರು ವರ್ಷವೂ ಐ.ಎಫ್.ಎ. ಶೀಲ್ಡ್ ಗೆಲ್ಲಿಸಿದವರು. ಮೇಸೋ ಹತ್ತು ವರ್ಷದವರಿದ್ದಾಗ ಢಾಕಾ ಕಡೆಯಿಂದ ಬಂದವರು. ಕಲ್ಕತ್ತೆಯಲ್ಲಿ ಇವರನ್ನು ನಿರಾಶ್ರಿತರು ಅಂತ ಮೂಗು ಮುರಿಯುತ್ತಿದ್ದ ಕಾಲ. ಟಿಕೆಟ್ಟಿಗೆ ಕಾಸಿಲ್ಲದೆ ಕೋಟೆಯ ದಿಬ್ಬದ ಮೇಲೆ ನಿಂತು ಆಟ ನೋಡಿದ್ದರಂತೆ. "ಆ ಐದು ಜನ ಗೆದ್ದ ದಿನ ನಮ್ಮಪ್ಪ ತಲೆಯೆತ್ತಿ ನಡೆದು ಮನೆಗೆ ಬಂದ" ಅಂತ ಒಂದೇ ಮಾತು ದಿನಾ ಹೇಳುತ್ತಿದ್ದರು.

ದಾದಾಗೆ 1975. ಸೆಪ್ಟೆಂಬರ್ 30, ಶೀಲ್ಡ್ ಫೈನಲ್, ಮೋಹನ್ ಬಾಗಾನ್ ಮೇಲೆ 5-0. ಆಗ ಅವರಿಗೆ ಹನ್ನೆರಡು ವರ್ಷ. ಸುರಜಿತ್ ಸೇನ್‌ಗುಪ್ತ ಬೇಕೇ ಬೇಕು, ಎರಡು ಗೋಲು ಹೊಡೆದ ಶ್ಯಾಮ್ ಥಾಪಾ ಬೇಕೇ ಬೇಕು. ಮೊಮ್ಮಗನಿಗೆ 1997. ಜುಲೈ 13, ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ 1 ಲಕ್ಷದ 31 ಸಾವಿರ ಜನ, ಸಿಕ್ಕಿಮಿನ ಭೈಚುಂಗ್ ಭುಟಿಯಾ ಮೂರು ಗೋಲು, 4-1. ಅವನಿಗಾಗ ಹನ್ನೊಂದು ವರ್ಷ. ನೀವೇ ಲೆಕ್ಕ ಹಾಕಿ ಸೋದರಿಯರೇ, ಮೂವರಿಗೂ ಹತ್ತು ಹನ್ನೆರಡು ವರ್ಷವಿದ್ದಾಗ ಕಂಡವರೇ ಪ್ರಪಂಚದಲ್ಲಿ ದೊಡ್ಡವರು! ನಮ್ಮಮ್ಮನ ಕೈ ಹುಳಿ ಇವತ್ತಿಗೂ ನನ್ನ ಕೈಗೆ ಬಾರದು ಅನ್ನೋದೂ ಇದೇ ಇರಬೇಕು.

ಇನ್ನೊಂದು ತೊಡಕು. ಮೇಸೋ ಕಾಲದಲ್ಲಿ ಮುಂದೆ ಐದು ಜನ, ನಡುವೆ ಮೂವರು, ಹಿಂದೆ ಇಬ್ಬರು ಆಡುತ್ತಿದ್ದರಂತೆ. ಮೊಮ್ಮಗನ ಲೆಕ್ಕದಲ್ಲಿ ಹಿಂದೆ ನಾಲ್ಕು, ನಡುವೆ ನಾಲ್ಕು, ಮುಂದೆ ಇಬ್ಬರೇ. ಕಟ್ಟಿಗೆ ಒಲೆಯ ಹಂಡೆಯನ್ನು ಗ್ಯಾಸ್ ಒಲೆಯ ಮೇಲೆ ಇಟ್ಟ ಹಾಗಾಯಿತು. ಪಾಂಡವರು ಐವರನ್ನೂ ಕೂರಿಸಿದರೆ ಭೈಚುಂಗ್ ಹೊರಗೆ, ಸುರಜಿತ್ ಹೊರಗೆ. ಕಡೆಗೆ ಐವರಲ್ಲಿ ಒಬ್ಬರನ್ನೇ ಇಟ್ಟುಕೊಳ್ಳಿ ಅಂತ ಮೊಮ್ಮಗ ಅಂದ ದಿನ ಮೇಸೋ ರಾತ್ರಿ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ನನ್ನನ್ನು ಕರೆದು, "ನಿಮ್ಮೂರಿನವರನ್ನೇ ಇಟ್ಟುಕೊಂಡೆ" ಅಂದರು.

ಎದುರಾಳಿ ಕ್ಲಬ್ಬಿಗೆ ಹೋದವರನ್ನು ಸೇರಿಸಬಹುದೇ? ಇದರ ಮೇಲೆ ಹದಿನೈದು ದಿನ ಹೋಯಿತು. ಶ್ಯಾಮ್ ಥಾಪಾ ಮುಂದೆ ಮೋಹನ್ ಬಾಗಾನ್ ಸೇರಿ 1978ರಲ್ಲಿ ಈಸ್ಟ್ ಬೆಂಗಾಲ್ ಮೇಲೇ ಗಾಳಿಯಲ್ಲಿ ಪಲ್ಟಿ ಹೊಡೆದು ಗೋಲು ಹಾಕಿದ್ದರು. ಮೇಸೋ "ಬೇಡವೇ ಬೇಡ" ಅಂದರು. ಆಗ ಒಳಗಿನಿಂದ ಬೌದಿ ಚಹಾ ತಂದಿಟ್ಟು ನಿಧಾನವಾಗಿ ಕೇಳಿದರು, "ನಿಮ್ಮ ಗೋಲ್‌ಕೀಪರ್ ಯಾರು?" ಭಾಸ್ಕರ್ ಗಂಗೂಲಿ ಅಂದರು ಮೂವರೂ. "75ರಲ್ಲಿ ಐದು ಗೋಲು ಹೊಡೆದಿರಲ್ಲ, ಆ ದಿನ ನಮ್ಮ ಕಡೆ ಗೋಲಿಗೆ ನಿಂತಿದ್ದ ಹುಡುಗ ಯಾರು?" ಅವನೇ ಭಾಸ್ಕರ್! ಆಮೇಲೆ ತಾನೇ ಈ ಕ್ಲಬ್ಬಿಗೆ ಬಂದು ಹೆಸರಾದದ್ದು. ಬೌದಿ ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ಥಾಪಾ ಪಟ್ಟಿಗೆ ಬಂದರು. ನಾನು ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿದೆ ಕಣ್ರೀ.

ಜುಲೈ ಕೊನೆಯ ಹೊತ್ತಿಗೆ ಒಂದು ಜಾಗ ಮಾತ್ರ ಉಳಿಯಿತು. ನಾನು ತೆಪ್ಪಗಿರಬಾರದಿತ್ತೇ? ಹಿಂದಿನ ಆಗಸ್ಟಿನಲ್ಲಿ, ಅಂದರೆ 2019ರಲ್ಲಿ, ಮಜೀದ್ ಬಿಷ್ಕರ್ ಅನ್ನೋ ಇರಾನಿನ ಆಟಗಾರ ಎಷ್ಟೋ ವರ್ಷದ ಮೇಲೆ ಕಲ್ಕತ್ತೆಗೆ ಬಂದಿದ್ದರು. ವಿಮಾನ ನಿಲ್ದಾಣದಲ್ಲಿ ಜನ ಮುಗಿಬಿದ್ದಿದ್ದರು ಅಂತ ನಮ್ಮವರು ಹೇಳಿದ್ದರು. ನಾನು, "ಮಜೀದ್ ಅಂತ ಬಂದಿದ್ದರಲ್ಲ, ಅವರು ಬೇಡವೇ?" ಅಂತ ಕೇಳಿಬಿಟ್ಟೆ. ಜಗಲಿ ನಿಶ್ಶಬ್ದವಾಯಿತು. ದಾದಾ ಎದ್ದು ಒಳಗೆ ಹೋದರು. ಆಗ ನೆನಪಾಯಿತು, ಅವರು ಬಂದ ದಿನ ಊರಿನ ಟಿ.ವಿ.ಯೆಲ್ಲ ಕೂಗುತ್ತಿದ್ದರೂ ಈ ಮನೆಯ ಟಿ.ವಿ. ಆರಿಸಿತ್ತು.

ಮಾರನೇ ದಿನ ತಾರಸಿಯಲ್ಲಿ ಬಟ್ಟೆ ಹರವುತ್ತಾ ಬೌದಿ ಹೇಳಿದರು. ಮಜೀದ್ 1978ರ ವಿಶ್ವಕಪ್ಪಿನ ಇರಾನ್ ತಂಡದಲ್ಲಿದ್ದವನು, ಅಲಿಗಢಕ್ಕೆ ಓದಲು ಬಂದು 1980ರಲ್ಲಿ ಈಸ್ಟ್ ಬೆಂಗಾಲ್ ಸೇರಿದ. ಆ ವರ್ಷ ಹೆಸರಾಂತ ಆಟಗಾರರು ಬಹಳ ಜನ ಕ್ಲಬ್ ಬಿಟ್ಟಿದ್ದರು, ಇವನೇ ದಿಕ್ಕು. ದಾದಾಗೆ ಹದಿನೇಳು ವರ್ಷ, ಮಜೀದ್ ಅಂದರೆ ಹುಚ್ಚು. ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಮೋಹನ್ ಬಾಗಾನ್ ಮೇಲೆ ಪಂದ್ಯ. ಮಜೀದ್ ಆಟ ನೋಡಲೇಬೇಕು ಅಂತ ಹಠ ಮಾಡಿ ಅಪ್ಪನನ್ನು ಹೊರಡಿಸಿದರು. ಮೈದಾನದಲ್ಲಿ ಇಬ್ಬರು ಆಟಗಾರರು ಕಾದಾಡಿ ಹೊರಹೋದರು. ಮೇಲೆ ಕೂತ ಜನ ಹೊಡೆದಾಡಿ, ನೂಕುನುಗ್ಗಲಾಗಿ 16 ಜನ ಸತ್ತರು. ಆಟ ನೋಡೋಕೆ ಹೋದವರು!

ಗಲಾಟೆಯಲ್ಲಿ ಅಪ್ಪನ ಕೈ ತಪ್ಪಿತು. ದಾದಾ ರಾತ್ರಿ ಒಂಬತ್ತಕ್ಕೆ ಒಂದೇ ಚಪ್ಪಲಿಯಲ್ಲಿ ಮನೆ ಸೇರಿದರು. ಫೋನಿಲ್ಲದ ಕಾಲ, ಅದು ಅಪ್ಪನಿಗೆ ಗೊತ್ತಿಲ್ಲ. ಮೇಸೋ ಆಸ್ಪತ್ರೆಗೆ ಹೋಗಿ ಸಾಲಾಗಿ ಮಲಗಿಸಿದ್ದವರ ಮುಖದ ಬಟ್ಟೆ ಒಂದೊಂದಾಗಿ ಸರಿಸಿ ನೋಡಿದರಂತೆ. ಮನೆಗೆ ಬಂದಾಗ ನಡುರಾತ್ರಿ. ಬಾಗಿಲಲ್ಲಿ ಮಗನನ್ನು ಕಂಡು ಹೊಸಿಲ ಮೇಲೇ ಕುಸಿದರು. ಆಮೇಲೆ ಮೈದಾನದ ಕಡೆ ಹೋಗಲಿಲ್ಲ. ಮಜೀದ್ ಅನ್ನೋ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತಬೇಡಿ ಅಂತ ಯಾರೂ ಹೇಳಿಯೂ ಇರಲಿಲ್ಲವಂತೆ, ಮಾಸಿಮಾ ಎದುರಿಗೆ ಬೇಡ ಅಂತ ತಾವೇ ಅಂದುಕೊಂಡರು. ನಲವತ್ತು ವರ್ಷ.

ಆಗಸ್ಟ್ 1ರ ಸಂಜೆ ಮಾಸಿಮಾ ಪಾಯೇಶ್ ಮಾಡಿ ನಮ್ಮನ್ನೂ ಕರೆದರು. ಮೊಮ್ಮಗ ದಪ್ಪ ಕಾಗದದ ಮೇಲೆ ಕೆಂಪು ಹಳದಿಯಲ್ಲಿ ಹೆಸರು ಬರೆದಿದ್ದ. ಭಾಸ್ಕರ್, ಸುಧೀರ್ ಕರ್ಮಕಾರ್, ಮನೋರಂಜನ್ ಭಟ್ಟಾಚಾರ್ಯ, ಅರುಣ್ ಘೋಷ್, ಹೀಗೆ ಓದುತ್ತಾ ಹೋದ. ಹನ್ನೊಂದನೆಯ ಜಾಗಕ್ಕೆ ಕೃಶಾನು ಡೇ ಅಂತ ಹೇಗೋ ರಾಜಿಯಾಗಿತ್ತು. ಮಾಸಿಮಾ ಬಟ್ಟಲು ಕೊಡುತ್ತಾ ಕೊಡುತ್ತಾ, "ಮಜೀದ್ ಎಲ್ಲಿ?" ಅಂದರು.

ಯಾರೂ ಉಸಿರು ಬಿಡಲಿಲ್ಲ. ಮಾಸಿಮಾ ಗಂಡನ ಕಡೆ ತಿರುಗಿ, "ಪರದೇಶದ ಹುಡುಗ, ಆಡೋಕೆ ಬಂದಿದ್ದ. ಅವನದೇನು ತಪ್ಪು? ನನಗೆ ಕಷ್ಟ ಆಗುತ್ತೆ ಅಂತ ನೀವೆಲ್ಲ ಮುಚ್ಚಿಟ್ಟಿರಿ. ನನ್ನನ್ನ ಒಂದು ಸಲವಾದರೂ ಕೇಳಿದಿರಾ? ಬರೆಯೋ ಬಾಬಾ" ಅಂದರು. ಮೇಸೋ ತಲೆ ಎತ್ತಲಿಲ್ಲ. ದಾದಾ ಕಣ್ಣು ಒರೆಸಿಕೊಂಡರು, ಐವತ್ತೇಳು ವರ್ಷದ ಗಂಡಸು. ಯಾರನ್ನು ತೆಗೆಯೋದು ಅಂತ ಮೊಮ್ಮಗ ಕೇಳಿದ. ಯಾರೂ ಹೇಳಲಿಲ್ಲ. ಹಾಗೇ ಕೆಳಗೆ ಬರೆದ. ಆ ಪಟ್ಟಿಯಲ್ಲಿ ಹನ್ನೆರಡು ಹೆಸರಿವೆ, ಈಗಲೂ ಅವರ ಬೀರುವಿನ ಬಾಗಿಲಿಗೆ ಅಂಟಿಸಿದ್ದಾರೆ ಅಂತ ಬೌದಿ ಫೋನಿನಲ್ಲಿ ಹೇಳುತ್ತಿರುತ್ತಾರೆ.

ಮೊಮ್ಮಗನಿಗೆ ಒಂದು ಹೆಸರು ಸೇರಿಸಲಾಗದ ಕೊರಗು ಉಳಿಯಿತು, ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್. 1993ರಲ್ಲಿ ಇರಾಕಿನ ಅಲ್ ಜೌರಾ ಕ್ಲಬ್ಬನ್ನು 6-2ರಲ್ಲಿ ಸೋಲಿಸಿದಾಗ ಮೂರು ಗೋಲು ಹೊಡೆದವರು. ಅದೇ ಅಕ್ಟೋಬರ್ 12ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು, ಇನ್ನೂ ಐವತ್ತು ಆಗಿರಲಿಲ್ಲ. ಹುಡುಗ ಮಹಡಿ ಹತ್ತಿ ಬಂದು, ನೆಂಟರಿಗೆ ಹೇಳೋ ಹಾಗೆ, "ಆಂಟಿ, ನಿಮ್ಮೂರಿನವರು..." ಅಂತ ನಿಂತ. ಈ ಸಲ ಯಾರು ಅಂತ ಕೇಳೋ ಹಾಗಿರಲಿಲ್ಲ. ಡಿಕಾಕ್ಷನ್ ಹಾಕಿ, ಐದು ಲೋಟ ಕಾಫಿ ಮಾಡಿಕೊಂಡು ಅವನ ಜತೆಗೇ ಕೆಳಗಿಳಿದೆ.